ಒಂದು ಸಣ್ಣ ಸೀಳು, ಒಂದು ದೊಡ್ಡ ಮೌನ

ರಕ್ತವನ್ನು ಕಂಡು ಗಾಬರಿಗೊಳ್ಳದ ಮನೆಯಿಲ್ಲ. ಅಡುಗೆಮನೆಯಲ್ಲಿ ಮೆಟ್ಟುಗತ್ತಿ ತಾಗಿ ಬೆರಳು ಕೊಯ್ದರೆ ಬಟ್ಟೆ ಸುತ್ತಿ ಒತ್ತಿ ಹಿಡಿಯುವಷ್ಟು ವಿವೇಕ ಎಲ್ಲರಲ್ಲೂ ಇರುತ್ತದೆ. ಗಾಯ ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆದರೆ ವಾಂತಿಯೊಡನೆ ಬಾಯಿಯಿಂದ ರಕ್ತ ಬಂದಾಗ ಆ ವಿವೇಕ ಮಾಯವಾಗುತ್ತದೆ. ಗಾಯ ಎಲ್ಲಿದೆ, ಎಷ್ಟು ಆಳವಾಗಿದೆ, ಒತ್ತಿ ಹಿಡಿಯುವುದಾದರೂ ಎಲ್ಲಿ ಎಂಬುದು ಯಾರಿಗೂ ತಿಳಿಯದು. ಅಂಥ ಹೊತ್ತಿನಲ್ಲಿ ನಮ್ಮ ಕುಟುಂಬಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತವೆ. ಒಂದು, ಇನ್ನೇನು ಎಲ್ಲವೂ ಮುಗಿಯಿತೆಂದು ಎದೆ ಬಡಿದುಕೊಳ್ಳುವುದು. ಇನ್ನೊಂದು, ಬೆಳಗಾಗಲಿ ನೋಡೋಣವೆಂದು ಬಾಗಿಲು ಹಾಕಿಕೊಂಡು ಕೂರುವುದು. ಎರಡನೆಯ ದಾರಿಯ ಹಿಂದೆ ಅನೇಕ ಬಾರಿ ಭಯಕ್ಕಿಂತಲೂ ಹೆಚ್ಚಾಗಿ ನಾಚಿಕೆಯೇ ಇರುತ್ತದೆ. ಏಕೆಂದರೆ ಆ ವಾಂತಿಯ ಮುಂಚಿನ ಗಂಟೆಗಳಲ್ಲಿ ಏನು ನಡೆಯಿತೆಂಬುದನ್ನು ವೈದ್ಯರ ಮುಂದೆ ಹೇಳಬೇಕಾಗುತ್ತದೆ.

ಈ ವಾರ ನಾವು ಈ ವಿಷಯವನ್ನು ಎತ್ತಿಕೊಂಡಿರುವುದು ಅದಕ್ಕಾಗಿಯೇ. ಅನ್ನನಾಳ ಮತ್ತು ಜಠರದ ಒಳಪೊರೆಯಲ್ಲಿ ಉಂಟಾಗುವ ಸೀಳು ಏನು, ಅದನ್ನು ನೋಡಿ ಸರಿಪಡಿಸುವ ಎಂಡೋಸ್ಕೋಪಿ ಎಂಬ ವಿಧಾನ ಹೇಗೆ, ಹಾಸಿಗೆಯ ಪಕ್ಕದಲ್ಲಿ ನಿಲ್ಲುವ ನರ್ಸ್ ಮಾಡುವ ಕೆಲಸ ಎಂಥದು, ಮನೆಯವರು ಮಾಡಬೇಕಾದುದೇನು, ಬಿಡಬೇಕಾದುದೇನು ಎಂಬುದನ್ನು ಸರಳವಾಗಿ ವಿವರಿಸುವುದು ನಮ್ಮ ಉದ್ದೇಶ.

ಸೀಳು ಉಂಟಾಗುವ ಬಗೆ

ನಾವು ನುಂಗಿದ ಆಹಾರವು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದ ಮೂಲಕ ಇಳಿದು, ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ದಾಟಿ ಜಠರವನ್ನು ಸೇರುತ್ತದೆ. ಅನ್ನನಾಳವೂ ಜಠರವೂ ಕೂಡುವ ಸಂಧಿಯಲ್ಲಿ ಒಂದು ಬಗೆಯ ಬಿಗಿತವಿದೆ. ಕೆಳಗಿಳಿದದ್ದು ಮೇಲೇರದಂತೆ ಅದು ಕಾಯುತ್ತದೆ. ವಾಂತಿಯಾಗುವಾಗ ಹೊಟ್ಟೆಯ ಸ್ನಾಯುಗಳೂ ವಪೆಯೂ ಒಟ್ಟಾಗಿ ಜಠರವನ್ನು ಹಿಂಡುತ್ತವೆ. ಒಳಗಿರುವುದೆಲ್ಲ ಆ ಕಿರಿದಾದ ಸಂಧಿಯ ಮೂಲಕ ಏಕಾಏಕಿ ಮೇಲಕ್ಕೆ ನುಗ್ಗುತ್ತದೆ. ಒಂದೆರಡು ಬಾರಿ ಹೀಗಾದರೆ ಬಾಧೆಯಿಲ್ಲ. ಆದರೆ ಮತ್ತೆ ಮತ್ತೆ ಓಕರಿಕೆ ಬಂದು, ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಹಿಂಡುವಿಕೆ ನಿಲ್ಲದೆ ಹೋದರೆ, ಸಂಧಿಯ ಬಳಿ ಒಳಪೊರೆಯು ಉದ್ದುದ್ದಕ್ಕೆ ಸೀಳಿಬಿಡುತ್ತದೆ. ಸಾಮಾನ್ಯವಾಗಿ ಸೀಳಿನ ಉದ್ದ 1ರಿಂದ 4 ಸೆಂಟಿಮೀಟರ್. ಒಳಪೊರೆಯ ಕೆಳಗೆ ರಕ್ತನಾಳಗಳ ಜಾಲವಿರುವುದರಿಂದ ಸೀಳಿದೊಡನೆ ರಕ್ತ ಒಸರುತ್ತದೆ.

ಆದುದರಿಂದಲೇ ರೋಗಿಯ ಕಥೆ ಬಹುಮಟ್ಟಿಗೆ ಒಂದೇ ರೀತಿ ಇರುತ್ತದೆ. ಮೊದಲ ವಾಂತಿಗಳಲ್ಲಿ ತಿಂದ ಆಹಾರ, ಅನಂತರ ಬರಿಯ ನೀರು ಅಥವಾ ಪಿತ್ತ, ಕೊನೆಗೆ ಕೆಂಪು ರಕ್ತ. ಆದರೆ ಎಲ್ಲರಲ್ಲಿಯೂ ಇದೇ ಅನುಕ್ರಮವಿರಬೇಕೆಂದಿಲ್ಲ. ಮೊದಲ ವಾಂತಿಯಲ್ಲಿಯೇ ರಕ್ತ ಕಾಣಿಸಿಕೊಂಡವರೂ ಇದ್ದಾರೆ.

ಅತಿಯಾದ ಮದ್ಯಪಾನದ ಬಳಿಕ ಬರುವ ವಾಂತಿ ಇದಕ್ಕೆ ಪ್ರಸಿದ್ಧ ಕಾರಣ. ಆದರೆ ಇದೊಂದೇ ಕಾರಣವಲ್ಲ ಎಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ. ಗರ್ಭಿಣಿಯರ ತೀವ್ರ ವಾಂತಿ, ನಿಲ್ಲದ ಕೆಮ್ಮು, ವಿಷಾಹಾರ, ಅತಿಭಾರವನ್ನು ಎತ್ತುವುದು, ದೊಡ್ಡ ಕರುಳಿನ ಪರೀಕ್ಷೆಗೆಂದು ಕುಡಿಸುವ ಭೇದಿ ಔಷಧಿಯಿಂದ ಬರುವ ವಾಂತಿ, ಇವೆಲ್ಲವುಗಳಿಂದಲೂ ಸೀಳು ಉಂಟಾಗಬಹುದು. ಜಠರದ ಮೇಲ್ಭಾಗ ವಪೆಯ ರಂಧ್ರದ ಮೂಲಕ ಎದೆಯೊಳಕ್ಕೆ ಜಾರಿರುವವರಲ್ಲಿ ಅಪಾಯ ಹೆಚ್ಚೆಂದು ಅನೇಕ ವೈದ್ಯರು ಭಾವಿಸುತ್ತಾರೆ. ಹೀಗಿರುವಾಗ, ರಕ್ತವಾಂತಿ ಮಾಡಿಕೊಂಡ ಪ್ರತಿಯೊಬ್ಬರನ್ನೂ ಕುಡುಕರೆಂದು ನೆರೆಹೊರೆಯವರು ಪಿಸುಗುಟ್ಟುವುದು ಅನ್ಯಾಯ.

ಬಾಸ್ಟನ್ ನಗರದಿಂದ ಬಂದ ಹೆಸರು

ಈ ಸೀಳಿಗೆ ಮ್ಯಾಲರಿ-ವೈಸ್ ಎಂಬ ಹೆಸರಿದೆ. 1929ರಲ್ಲಿ ಅಮೆರಿಕದ ಬಾಸ್ಟನ್ ಸಿಟಿ ಆಸ್ಪತ್ರೆಯ ಜಾರ್ಜ್ ಕೆನೆತ್ ಮ್ಯಾಲರಿ ಮತ್ತು ಸೋಮಾ ವೈಸ್ ಎಂಬ ಇಬ್ಬರು ವೈದ್ಯರು, ಮದ್ಯಪಾನದ ಬಳಿಕ ದೀರ್ಘವಾಗಿ ವಾಂತಿ ಮಾಡಿ ರಕ್ತ ಕಾರಿದ 15 ಮಂದಿ ರೋಗಿಗಳ ವಿಷಯವನ್ನು ಪ್ರಕಟಿಸಿದರು. ಅವರಲ್ಲಿ 4 ಮಂದಿಯ ಶವಪರೀಕ್ಷೆಯಲ್ಲಿ ಜಠರದ ದ್ವಾರದ ಬಳಿ ಈ ಸೀಳುಗಳು ಕಂಡುಬಂದವು. ಸೋಮಾ ವೈಸ್ ಹಂಗೇರಿಯಲ್ಲಿ ಜನಿಸಿ ಅಮೆರಿಕದಲ್ಲಿ ಹೆಸರುಗಳಿಸಿದವರು. ಮ್ಯಾಲರಿ ರೋಗಲಕ್ಷಣ ಶಾಸ್ತ್ರದ ಮನೆತನದಲ್ಲಿಯೇ ಬೆಳೆದು ಬಂದ ತಜ್ಞರು. ಅಂದಿನ ಕಾಲದಲ್ಲಿ ಈ ಸೀಳನ್ನು ಕಣ್ಣಾರೆ ಕಾಣಲು ಶವಪರೀಕ್ಷೆಯ ಹೊರತು ಬೇರೆ ಮಾರ್ಗ ದುರ್ಲಭವಾಗಿತ್ತು. ಎಂಡೋಸ್ಕೋಪಿಯು ಹಬ್ಬಿದ ಮೇಲೆಯೇ ಇದು ಎಷ್ಟು ಸಾಮಾನ್ಯ, ಮತ್ತು ಎಷ್ಟು ಬಾರಿ ತಾನಾಗಿಯೇ ವಾಸಿಯಾಗುತ್ತದೆ ಎಂಬುದು ತಿಳಿದದ್ದು. ಇಂದು ನಮಗೆ ತಿಳಿದಿರುವಂತೆ, ಇಂಥ ಸೀಳಿನಿಂದ ರಕ್ತ ಸುರಿಸುವ 100 ಮಂದಿಯಲ್ಲಿ 80ರಿಂದ 90 ಮಂದಿಯಲ್ಲಿ ರಕ್ತಸ್ರಾವ ತಾನಾಗಿಯೇ ನಿಲ್ಲುತ್ತದೆ; ಗಾಯವು ಎರಡು ಮೂರು ದಿನಗಳಲ್ಲಿ ಮಾಯತೊಡಗುತ್ತದೆ.

ಇದು ಸಮಾಧಾನದ ಮಾತು. ಆದರೆ ಈ ಸಮಾಧಾನವನ್ನು ಮನೆಯಲ್ಲಿಯೇ ಕುಳಿತು ಪಡೆಯುವಂತಿಲ್ಲ. ಉಳಿದ 10-20 ಮಂದಿಯಲ್ಲಿ ತಾವೂ ಒಬ್ಬರೋ ಎಂಬುದನ್ನು ಯಾರೂ ಹೊರಗಿನಿಂದ ಹೇಳಲಾರರು.

ನೌಕಾಧಿಪತಿಯ ಔತಣ

ಒಳಪೊರೆ ಮಾತ್ರ ಸೀಳುವುದು ಒಂದು ವಿಷಯ. ಅನ್ನನಾಳದ ಗೋಡೆಯೇ ಪೂರ್ತಿಯಾಗಿ ಹರಿದು ತೂತಾಗುವುದು ಬೇರೆಯೇ ವಿಷಯ. ಎರಡನೆಯದು ಅಪರೂಪ, ಆದರೆ ಪ್ರಾಣಾಂತಕ. ಇದನ್ನು ಮೊದಲು ವಿವರಿಸಿದವರು ಹಾಲೆಂಡಿನ ಲೈಡನ್ ನಗರದ ಪ್ರಖ್ಯಾತ ವೈದ್ಯ ಹರ್ಮನ್ ಬೂರ್‌ಹಾವೆ. ಡಚ್ ನೌಕಾಪಡೆಯ ಅಧಿಪತಿ ಬ್ಯಾರನ್ ವಾನ್ ವಾಸೆನಾರ್ ಎಂಬವರು ಊಟದ ಸುಖವನ್ನು ಬಲ್ಲವರು. ಹೊಟ್ಟೆ ಭಾರವಾದಾಗ ವಾಂತಿ ಔಷಧಿಯನ್ನು ಸೇವಿಸಿ ಹಗುರ ಮಾಡಿಕೊಳ್ಳುವ ಅಭ್ಯಾಸ ಅವರಿಗಿತ್ತು. ಒಮ್ಮೆ ಹೀಗೆ ವಾಂತಿ ಮಾಡಲು ಹೆಣಗುತ್ತಿದ್ದಾಗ ಎದೆಯೊಳಗೆ ಏನೋ ಹರಿದಂತಾಗಿ ಅವರು ಚೀರಿದರು. ಮರುದಿನದೊಳಗೆ ಪ್ರಾಣ ಹೋಯಿತು. ಶವಪರೀಕ್ಷೆ ಮಾಡಿದ ಬೂರ್‌ಹಾವೆ, ಅನ್ನನಾಳ ಹರಿದಿದ್ದುದನ್ನೂ ಎದೆಯ ಪೊಳ್ಳಿನಲ್ಲಿ ಅವರು ತಿಂದಿದ್ದ ಬಾತುಕೋಳಿ ಮಾಂಸದ ವಾಸನೆಯಿದ್ದುದನ್ನೂ ಕಂಡು, 1724ರಲ್ಲಿ ಎಲ್ಲವನ್ನೂ ವಿವರವಾಗಿ ಪ್ರಕಟಿಸಿದರು.

ಆ ಬಳಿಕ ಎರಡು ಶತಮಾನಗಳಿಗೂ ಹೆಚ್ಚು ಕಾಲ ಇದಕ್ಕೆ ಪರಿಹಾರವಿರಲಿಲ್ಲ. ಇಂಥ ಹರಿತವನ್ನು ಶಸ್ತ್ರಚಿಕಿತ್ಸೆಯಿಂದ ಹೊಲಿದು ರೋಗಿಯನ್ನು ಉಳಿಸಿದುದನ್ನು ಇಂಗ್ಲೆಂಡಿನ ನಾರ್ಮನ್ ಬ್ಯಾರೆಟ್ 1947ರಲ್ಲಿ ವರದಿ ಮಾಡಿದರು. ಇಂದು ಶಸ್ತ್ರಚಿಕಿತ್ಸೆಯ ಜೊತೆಗೆ, ಆಯ್ದ ರೋಗಿಗಳಲ್ಲಿ ಎಂಡೋಸ್ಕೋಪಿಯ ಮೂಲಕವೇ ಒಳಗೊಳವೆಯನ್ನು ಕೂರಿಸಿ ತೂತನ್ನು ಮುಚ್ಚುವ ಉಪಾಯವೂ ಇದೆ. ಆದರೆ ಅಂದೂ ಇಂದೂ ಒಂದು ಸಂಗತಿ ಬದಲಾಗಿಲ್ಲ. ತಡವಾದಷ್ಟೂ ಬದುಕುವ ಸಾಧ್ಯತೆ ಕುಗ್ಗುತ್ತದೆ. ಆದ್ದರಿಂದ ವಾಂತಿಯ ಬಳಿಕ ಎದೆಯಲ್ಲಿ ಅಥವಾ ಬೆನ್ನಿನಲ್ಲಿ ಅಸಹನೀಯ ನೋವು, ಉಸಿರಾಟಕ್ಕೆ ಕಷ್ಟ, ಕುತ್ತಿಗೆಯ ಚರ್ಮವನ್ನು ಒತ್ತಿದರೆ ಚರಚರನೆ ಗಾಳಿ ಆಡಿದಂಥ ಅನುಭವ, ಇವುಗಳಲ್ಲಿ ಯಾವುದೊಂದು ಕಂಡರೂ ರಕ್ತ ಬಂದಿರಲಿ ಬಾರದಿರಲಿ, ಒಂದು ಗಳಿಗೆಯೂ ಕಾಯಬಾರದು. ವಾಯುವೆಂದು ಬಗೆದು ಓಮದ ಕಷಾಯ ಕುಡಿಸುವುದು ಇಲ್ಲಿ ವಿಷವಾದೀತು. ಕುಡಿದದ್ದು ಜಠರಕ್ಕೆ ಹೋಗದೆ ಎದೆಯೊಳಕ್ಕೆ ಸೋರುತ್ತದೆ.

ಮನೆಯಲ್ಲಿ ಮಾಡಬೇಕಾದುದು

ರಕ್ತವಾಂತಿಗೆ ಸೀಳೊಂದೇ ಕಾರಣವಲ್ಲ. ಜಠರದ ಹುಣ್ಣು, ನೋವಿನ ಮಾತ್ರೆಗಳಿಂದಾದ ಗಾಯ, ಯಕೃತ್ತು ಕೆಟ್ಟವರಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯುವುದು, ಕೆಲವೊಮ್ಮೆ ಅರ್ಬುದ ರೋಗ, ಹೀಗೆ ಕಾರಣಗಳು ಹಲವು. ಇವುಗಳಲ್ಲಿ ಉಬ್ಬಿದ ರಕ್ತನಾಳ ಒಡೆಯುವುದು ಅತ್ಯಂತ ಅಪಾಯಕಾರಿ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಒಂದೇ ಬಗೆಯ ಕೆಂಪು. ಕೆಲವೊಮ್ಮೆ ಕೆಂಪೂ ಇರುವುದಿಲ್ಲ. ಜಠರದ ಆಮ್ಲ ತಾಗಿದ ರಕ್ತವು ಕಾಫಿಪುಡಿಯ ಗಷ್ಟಿನಂತೆ ಕಪ್ಪಾಗಿ ಬರುತ್ತದೆ. ಇನ್ನು ಕೆಲವೊಮ್ಮೆ ವಾಂತಿಯೇ ಇಲ್ಲದೆ ಮಲವು ಡಾಮರಿನಂತೆ ಕಪ್ಪಾಗಿ, ಅಂಟಂಟಾಗಿ, ದುರ್ವಾಸನೆಯಿಂದ ಹೋಗುತ್ತದೆ. ಕಬ್ಬಿಣಾಂಶದ ಮಾತ್ರೆ ತಿನ್ನುವವರಲ್ಲಿ ಮಲ ಕಪ್ಪಾಗುವುದುಂಟು, ಬೀಟ್‌ರೂಟ್ ತಿಂದವರ ವಾಂತಿ ಕೆಂಪಾಗಿರುವುದುಂಟು. ಅದನ್ನು ತೀರ್ಮಾನಿಸುವ ಕೆಲಸ ವೈದ್ಯರದು.

ಮನೆಯವರು ಮಾಡಬೇಕಾದುದು ಇಷ್ಟು. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿರಿ, ಇಲ್ಲವೇ ಮುಂದಕ್ಕೆ ಬಾಗಿ ಕುಳ್ಳಿರಿಸಿರಿ. ಅಂಗಾತ ಮಲಗಿಸಿದರೆ ರಕ್ತ ಶ್ವಾಸನಾಳವನ್ನು ಹೊಕ್ಕೀತು. ಕುಡಿಯಲು, ತಿನ್ನಲು ಏನನ್ನೂ ಕೊಡಬೇಡಿರಿ. ತಣ್ಣೀರು, ಮಂಜುಗಡ್ಡೆ, ಲಿಂಬೆ ಶರಬತ್ತು, ಮಜ್ಜಿಗೆ ಯಾವುದೂ ಸಲ್ಲದು. ಹೊಟ್ಟೆನೋವಿಗೆಂದು ಮಾತ್ರೆ ಕೊಡಬೇಡಿರಿ. ಎಷ್ಟು ಬಟ್ಟಲು ರಕ್ತ ಹೋಯಿತೆಂಬುದನ್ನು ಗಮನಿಸಿರಿ. ಮೊಬೈಲ್ ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ನೂರು ಮಾತಿನ ವಿವರಣೆಗಿಂತ ಅದು ವೈದ್ಯರಿಗೆ ಉಪಯುಕ್ತ. ರೋಗಿಯು ದಿನವೂ ಸೇವಿಸುವ ಮಾತ್ರೆಗಳ ಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿರಿ. ಹೃದಯಕ್ಕಾಗಿ ಕೊಟ್ಟಿರುವ ರಕ್ತ ತೆಳುವಾಗಿಸುವ ಮಾತ್ರೆ ಅದರಲ್ಲಿದ್ದರೆ ಮೊದಲು ಅದನ್ನು ತೋರಿಸಿರಿ. 108ಕ್ಕೆ ಕರೆ ಮಾಡಿರಿ. ಎಂಡೋಸ್ಕೋಪಿ ವ್ಯವಸ್ಥೆಯಿರುವ ಆಸ್ಪತ್ರೆಗೆ ನೇರವಾಗಿ ಹೋದರೆ ಅರ್ಧ ದಾರಿಯ ಅಲೆದಾಟ ತಪ್ಪುತ್ತದೆ. ಆದರೆ ರೋಗಿಯು ತಲೆಸುತ್ತಿ ಬೀಳುತ್ತಿದ್ದರೆ, ಮೈ ತಣ್ಣಗಾಗಿ ಬೆವರುತ್ತಿದ್ದರೆ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಸಲೈನ್ ಏರಿಸಿಕೊಂಡೇ ಮುಂದಕ್ಕೆ ಹೋಗುವುದು ಜಾಣತನ.

ಕತ್ತಿ ನುಂಗುವವನಿಂದ ಗಾಜಿನ ಎಳೆಯವರೆಗೆ

ಹೊಟ್ಟೆಯೊಳಕ್ಕೆ ಇಣುಕಿ ನೋಡಬೇಕೆಂಬ ಆಸೆ ವೈದ್ಯರಿಗೆ ಬಹಳ ಹಳೆಯದು. 1868ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯರು, ಕತ್ತಿ ನುಂಗುವ ಪ್ರದರ್ಶನಕಾರನೊಬ್ಬನ ಬಾಯಿಯ ಮೂಲಕ ನೇರವಾದ ಲೋಹದ ಕೊಳವೆಯನ್ನು ಇಳಿಸಿ ಜಠರವನ್ನು ನೋಡಲು ಯತ್ನಿಸಿದರು. ಕೊಳವೆ ಇಳಿಯಿತು, ಬೆಳಕು ಸಾಲಲಿಲ್ಲ. 1932ರಲ್ಲಿ ರುಡಾಲ್ಫ್ ಶಿಂಡ್ಲರ್ ತುದಿ ಸ್ವಲ್ಪ ಬಾಗುವ ಸಾಧನವನ್ನು ರೂಪಿಸಿದರು. ನಿಜವಾದ ಬದಲಾವಣೆ ಬಂದುದು ಗಾಜಿನ ಸೂಕ್ಷ್ಮ ಎಳೆಗಳ ಮೂಲಕ ಬೆಳಕನ್ನು ಬಾಗಿಸಿ ಒಯ್ಯಬಹುದೆಂದು ತಿಳಿದಾಗ. ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೂ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನಮ್ಮ ದೇಶದ ನರೀಂದರ್ ಸಿಂಗ್ ಕಪಾನಿ ಅವರೂ ಕೂಡಿ, ಅಂಥ ಎಳೆಗಳ ಕಟ್ಟಿನಿಂದ ಚಿತ್ರವನ್ನು ಸಾಗಿಸುವ ಬಗೆಯನ್ನು 1954ರಲ್ಲಿ ಪ್ರಕಟಿಸಿದರು. ಅದನ್ನು ಓದಿ ಪ್ರೇರಿತರಾದ ಬೇಸಿಲ್ ಹಿರ್ಷೋವಿಟ್ಜ್ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಶ್ರಮಿಸಿ, 1957ರಲ್ಲಿ ಬಳ್ಳಿಯಂತೆ ಬಾಗುವ ಎಂಡೋಸ್ಕೋಪನ್ನು ಸಿದ್ಧಪಡಿಸಿದರು. ರೋಗಿಯ ಮೇಲೆ ಪ್ರಯೋಗಿಸುವ ಮುನ್ನ ಅದನ್ನು ಅವರು ತಾವೇ ನುಂಗಿ ನೋಡಿದರೆಂಬುದು ಸ್ಮರಣೀಯ.

ಇಂದಿನ ಸಾಧನದ ದಪ್ಪ ಸುಮಾರು 1 ಸೆಂಟಿಮೀಟರ್, ಕಿರುಬೆರಳಿಗಿಂತ ಹೆಚ್ಚಿಲ್ಲ. ತುದಿಯಲ್ಲಿ ಪುಟ್ಟ ಕ್ಯಾಮೆರಾ, ದೀಪ, ನೀರು ಮತ್ತು ಗಾಳಿಯ ದಾರಿ, ಉಪಕರಣಗಳನ್ನು ತೂರಿಸಲು ಒಂದು ನಾಳ ಇರುತ್ತವೆ. ಸೀಳು ಕಂಡು, ರಕ್ತ ನಿಂತಿದ್ದರೆ ವೈದ್ಯರು ಏನನ್ನೂ ಮಾಡದೆ ಹಿಂದಕ್ಕೆ ಬರುತ್ತಾರೆ. ರಕ್ತ ಚಿಮ್ಮುತ್ತಿದ್ದರೆ ಹತ್ತು ಸಾವಿರ ಪಾಲಿಗೆ ಒಂದು ಪಾಲಿನಂತೆ ತೆಳುಮಾಡಿದ ಅಡ್ರಿನಲಿನ್ ಔಷಧಿಯನ್ನು ಸೀಳಿನ ಸುತ್ತ ಚುಚ್ಚುತ್ತಾರೆ. ಇದೊಂದೇ ಸಾಲದಾದ್ದರಿಂದ, ಜೊತೆಗೆ ಚಿಕ್ಕ ಲೋಹದ ಕ್ಲಿಪ್ಪಿನಿಂದ ಸೀಳಿನ ಅಂಚುಗಳನ್ನು ಕೂಡಿಸುತ್ತಾರೆ, ಇಲ್ಲವೇ ರಬ್ಬರಿನ ಬಳೆ ಬಿಗಿಯುತ್ತಾರೆ, ಇಲ್ಲವೇ ಶಾಖ ಕೊಟ್ಟು ರಕ್ತನಾಳವನ್ನು ಮುಚ್ಚುತ್ತಾರೆ. ಕ್ಲಿಪ್ಪು ಕೆಲವು ವಾರಗಳಲ್ಲಿ ತಾನಾಗಿ ಕಳಚಿ ಮಲದೊಡನೆ ಹೋಗುತ್ತದೆ. ಅಷ್ಟರೊಳಗೆ ಎಂ.ಆರ್.ಐ. ಪರೀಕ್ಷೆಗೆ ಹೋಗಬೇಕಾದ ಪ್ರಸಂಗ ಬಂದರೆ, ಕ್ಲಿಪ್ ಹಾಕಿರುವ ಸಂಗತಿಯನ್ನು ತಪ್ಪದೆ ತಿಳಿಸಬೇಕು.

ಅನೇಕ ಕುಟುಂಬಗಳಲ್ಲಿ ಎಂಡೋಸ್ಕೋಪಿಯೆಂದರೆ ಶಸ್ತ್ರಚಿಕಿತ್ಸೆಯೆಂಬ ತಪ್ಪು ಕಲ್ಪನೆಯಿದೆ. ಇಲ್ಲಿ ಹೊಟ್ಟೆಯನ್ನು ಕೊಯ್ಯುವುದಿಲ್ಲ. ಅನ್ನನಾಳಕ್ಕೆ ತೂತು ಬೀಳುವ ಅಪಾಯ ಬರಿಯ ನೋಟದ ಪರೀಕ್ಷೆಯಲ್ಲಿ ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ಎಂಬಷ್ಟು ಕಡಿಮೆ. ರಕ್ತಸ್ರಾವದಿಂದ ದಾಖಲಾದವರಿಗೆ, ದೇಹಸ್ಥಿತಿಯನ್ನು ಸುಧಾರಿಸಿದ ಬಳಿಕ, 24 ಗಂಟೆಗಳೊಳಗೆ ಈ ಪರೀಕ್ಷೆ ಆಗಬೇಕೆಂಬುದು ಇಂದು ಎಲ್ಲೆಡೆ ಒಪ್ಪಿರುವ ನಿಯಮ. ಮೊದಲ ಗಂಟೆಯಲ್ಲಿಯೇ ಏಕೆ ಮಾಡಲಿಲ್ಲವೆಂದು ಜಗಳವಾಡುವ ಬಂಧುಗಳು, ರಕ್ತದೊತ್ತಡ ಕುಸಿದವರಿಗೆ ಮೊದಲು ಅದನ್ನು ಏರಿಸುವುದೇ ಚಿಕಿತ್ಸೆಯೆಂಬುದನ್ನು ಅರಿಯಬೇಕು.

ಹಾಗೆಯೇ, ಇನ್ನೊಂದು ಬಾಟಲಿ ರಕ್ತ ಕೊಡಿರೆಂದು ಒತ್ತಾಯಿಸುವವರೂ ಇದ್ದಾರೆ. 2013ರಲ್ಲಿ ಸ್ಪೇನಿನ ಬಾರ್ಸಿಲೋನದಿಂದ ಪ್ರಕಟವಾದ 921 ರೋಗಿಗಳ ಅಧ್ಯಯನವೊಂದರಲ್ಲಿ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದಾಗ ಮಾತ್ರ ರಕ್ತ ಕೊಟ್ಟವರಲ್ಲಿ 6 ವಾರಗಳ ಬಳಿಕ ಶೇಕಡ 95 ಮಂದಿ ಬದುಕಿದ್ದರು. 9ಕ್ಕಿಂತ ಕೆಳಗಿಳಿದೊಡನೆ ಧಾರಾಳವಾಗಿ ರಕ್ತ ಕೊಟ್ಟವರಲ್ಲಿ ಶೇಕಡ 91 ಮಂದಿ. ಹೃದ್ರೋಗಿಗಳ ವಿಷಯದಲ್ಲಿಯೂ ಭಾರೀ ಪ್ರಮಾಣದಲ್ಲಿ ರಕ್ತ ಹರಿಯುತ್ತಿರುವವರ ವಿಷಯದಲ್ಲಿಯೂ ಲೆಕ್ಕ ಬೇರೆ. ಆದರೆ ಹೆಚ್ಚು ರಕ್ತವೆಂದರೆ ಹೆಚ್ಚು ಬಲವೆಂಬ ನಂಬಿಕೆ ಸರಿಯಲ್ಲ.

ಹಾಸಿಗೆಯ ಪಕ್ಕದ ಕಣ್ಣು

ನಮ್ಮ ಧರ್ಮಕೇಂದ್ರಗಳಲ್ಲಿ ನರ್ಸಿಂಗ್ ಕಲಿತ ಹೆಣ್ಣುಮಕ್ಕಳಿಲ್ಲದ ವಾರ್ಡು ವಿರಳ. ಮಂಗಳೂರಿನಿಂದ ಕುವೈತಿನವರೆಗೆ ಅವರ ದುಡಿಮೆಯಿಂದ ಎಷ್ಟೋ ಮನೆಗಳು ಎದ್ದು ನಿಂತಿವೆ. ಆದರೂ ಅವರು ರಾತ್ರಿಪಾಳಿಯಲ್ಲಿ ನಿಜವಾಗಿ ಮಾಡುವ ಕೆಲಸವೇನೆಂಬುದು ಅವರ ಮನೆಯವರಿಗೇ ಗೊತ್ತಿರುವುದಿಲ್ಲ. ಚುಚ್ಚುಮದ್ದು ಕೊಡುವುದು, ಹಾಸಿಗೆ ಸರಿಪಡಿಸುವುದು ಎಂದಷ್ಟೇ ಭಾವಿಸುವವರೇ ಹೆಚ್ಚು.

ರಕ್ತವಾಂತಿಯ ರೋಗಿ ಬಂದೊಡನೆ ನರ್ಸ್ ಎರಡು ತೋಳುಗಳಲ್ಲಿಯೂ ದಪ್ಪ ಸೂಜಿಯ ದಾರಿಗಳನ್ನು ಸಿದ್ಧಪಡಿಸುತ್ತಾರೆ. ರಕ್ತದ ಗುಂಪು ಹೊಂದಿಸಲು ಮಾದರಿ ಕಳುಹಿಸುತ್ತಾರೆ. ಅಲ್ಲಿಂದ ಮುಂದೆ ಆರಂಭವಾಗುವುದು ನಾಡಿಯ ಕಾವಲು. ದೇಹದಿಂದ ರಕ್ತ ಸೋರುತ್ತಿರುವಾಗ ರಕ್ತದೊತ್ತಡ ಕೂಡಲೇ ಕುಸಿಯುವುದಿಲ್ಲ. ಮೊದಲು ನಾಡಿ ಏರುತ್ತದೆ, ಕೈಕಾಲು ತಣ್ಣಗಾಗುತ್ತದೆ, ರೋಗಿ ಚಡಪಡಿಸುತ್ತಾನೆ, ಮೂತ್ರ ಕಡಿಮೆಯಾಗುತ್ತದೆ. ಗಂಟೆಗೆ ಸುಮಾರು 30 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಬರುತ್ತಿದ್ದರೆ ಅದು ಎಚ್ಚರಿಕೆ. ಯಂತ್ರದ ಗಂಟೆ ಬಾರಿಸುವ ಮುಂಚೆಯೇ ಇದನ್ನು ಗುರುತಿಸುವುದು ಅನುಭವಿ ನರ್ಸಿನ ಕಣ್ಣು.

ಎಂಡೋಸ್ಕೋಪಿಗೆ ಮುನ್ನ ಒಪ್ಪಿಗೆ ಪತ್ರಕ್ಕೆ ಸಹಿ ಆಗಿದೆಯೇ, ಕಟ್ಟಿಸಿದ ಹಲ್ಲು ತೆಗೆದಿದೆಯೇ, ಯಾವ ಔಷಧಿಗೆ ಅಲರ್ಜಿಯಿದೆ ಎಂಬುದನ್ನು ಅವರು ವಿಚಾರಿಸುತ್ತಾರೆ. ಮುಂಚಿತವಾಗಿ ಗೊತ್ತುಪಡಿಸಿದ ಪರೀಕ್ಷೆಗೆ ಸುಮಾರು 6 ಗಂಟೆ ಘನ ಆಹಾರ ಬಿಟ್ಟಿರಬೇಕು. ತುರ್ತು ಪ್ರಸಂಗದಲ್ಲಿ ಅಷ್ಟು ಸಮಯವಿಲ್ಲದ್ದರಿಂದ ಶ್ವಾಸನಾಳದ ರಕ್ಷಣೆಗೆ ಹೆಚ್ಚಿನ ಎಚ್ಚರಿಕೆ ಬೇಕಾಗುತ್ತದೆ. ಪರೀಕ್ಷೆ ನಡೆಯುವಾಗ ರೋಗಿಯನ್ನು ಎಡಮಗ್ಗುಲಲ್ಲಿ ಹಿಡಿದು, ಬಾಯಿಯ ರಕ್ತ ಜೊಲ್ಲುಗಳನ್ನು ಹೀರಿ ತೆಗೆಯುತ್ತ, ಬೆರಳಿಗೆ ತೊಡಿಸಿದ ಆಮ್ಲಜನಕ ಮಾಪಕವನ್ನು ಗಮನಿಸುತ್ತ, ನಿಧಾನವಾಗಿ ಉಸಿರಾಡಿರೆಂದು ಕಿವಿಯ ಬಳಿ ಹೇಳುತ್ತ ನಿಲ್ಲುವವರು ಅವರೇ.

ಮುಗಿದ ಮೇಲೆಯೂ ಕಾವಲು ಮುಗಿಯುವುದಿಲ್ಲ. ಗಂಟಲಿಗೆ ಸಿಂಪಡಿಸಿದ ಮದ್ದಿನಿಂದ ಮರಗಟ್ಟಿದ ಭಾಗಕ್ಕೆ ಅರಿವು ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಲ್ಲಿಯವರೆಗೆ ಒಂದು ಗುಟುಕು ನೀರು ಕೊಟ್ಟರೂ ಅದು ಶ್ವಾಸಕೋಶಕ್ಕೆ ಇಳಿದೀತು. ಬಾಯಾರಿಕೆಯೆಂದು ರೋಗಿ ಗೋಗರೆಯುವಾಗ, ನರ್ಸಿನ ಕಣ್ಣು ತಪ್ಪಿಸಿ ಎಳನೀರು ಕುಡಿಸುವ ಅತ್ತೆ ಅಮ್ಮಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಆ ಪ್ರೀತಿಯನ್ನು ನಾವು ಗೌರವಿಸುತ್ತೇವೆ. ಆದರೆ ಅಲ್ಲಿ ತುಟಿಗೆ ಒದ್ದೆ ಬಟ್ಟೆ ತಾಗಿಸುವುದಷ್ಟೇ ಪ್ರೀತಿ. ಇದೇ ಕಾರಣಕ್ಕೆ, ಏನನ್ನೂ ನುಂಗಬಾರದೆಂದಿರುವ ರೋಗಿಯು ಪರಮಪ್ರಸಾದವನ್ನು ಬಯಸಿದರೆ ಗುರುಗಳಿಗೆ ಅದನ್ನು ಮುಂಚಿತವಾಗಿ ತಿಳಿಸಿ, ನರ್ಸನ್ನು ಕೇಳಿ ಮುಂದುವರಿಯಬೇಕು. ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಈ ಅಡ್ಡಿಯಿಲ್ಲ. ಹಣೆಗೂ ಕೈಗಳಿಗೂ ಎಣ್ಣೆ ಹಚ್ಚುವುದಕ್ಕೆ ನುಂಗುವ ಅಗತ್ಯವಿಲ್ಲ.

ಮೌನದ ಬೆಲೆ

ಈಗ ನಾವು ಮುಖ್ಯವಾದ ಮಾತಿಗೆ ಬರುತ್ತೇವೆ. ಅಪಘಾತ ವಿಭಾಗದಲ್ಲಿ ವೈದ್ಯರು, ಕುಡಿಯುತ್ತಾರೆಯೇ, ಎಷ್ಟು, ಕೊನೆಯ ಬಾರಿ ಯಾವಾಗ ಎಂದು ಕೇಳುತ್ತಾರೆ. ಪತ್ನಿ ನೆಲ ನೋಡುತ್ತಾಳೆ. ಅಣ್ಣ, ಎಂದಾದರೊಮ್ಮೆ ಸ್ವಲ್ಪ ಎನ್ನುತ್ತಾನೆ. ಪಕ್ಕದಲ್ಲಿ ಪರಿಚಯದವರಿದ್ದರೆ, ಛೇ, ಇಲ್ಲವೇ ಇಲ್ಲ ಎಂಬ ಉತ್ತರ ಬರುತ್ತದೆ. ಮನೆತನದ ಮಾನ ಉಳಿಯಿತೆಂದು ಅವರು ಭಾವಿಸುತ್ತಾರೆ.

ಆದರೆ ಮುಂದೆ ಏನಾಗುತ್ತದೆ ನೋಡಿರಿ. ದಿನವೂ ಕುಡಿಯುವವನು ಆಸ್ಪತ್ರೆ ಸೇರಿದೊಡನೆ ಕುಡಿತ ಏಕಾಏಕಿ ನಿಲ್ಲುತ್ತದೆ. 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ಚಡಪಡಿಕೆ, ನಾಡಿಯ ಏರಿಕೆ ಆರಂಭವಾಗುತ್ತವೆ. ಎರಡನೆಯ, ಮೂರನೆಯ ದಿನಗಳಲ್ಲಿ ಕೆಲವರಿಗೆ ಭ್ರಮೆ ಹಿಡಿಯುತ್ತದೆ, ಸೆಳವು ಬರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದಲೇ ಸಾವು ಸಂಭವಿಸಬಹುದು. ಈಗ ಮೇಲಿನ ಮಾತನ್ನು ನೆನಪಿಸಿಕೊಳ್ಳಿರಿ. ನಾಡಿಯ ಏರಿಕೆ, ಬೆವರು, ಚಡಪಡಿಕೆ ಇವೇ ಅಲ್ಲವೇ ಮತ್ತೆ ರಕ್ತ ಸೋರುತ್ತಿರುವುದರ ಲಕ್ಷಣಗಳು? ಸತ್ಯ ತಿಳಿಯದ ನರ್ಸ್, ಸೀಳು ಮತ್ತೆ ಬಾಯಿಬಿಟ್ಟಿತೆಂದು ವೈದ್ಯರನ್ನು ಕರೆಯುತ್ತಾರೆ. ರೋಗಿಗೆ ಬೇಡದ ಪರೀಕ್ಷೆ ಮತ್ತೊಮ್ಮೆ ನಡೆಯಬಹುದು. ಇಲ್ಲವೇ ಎರಡೂ ಒಟ್ಟಿಗೆ ಇದ್ದು, ಒಂದು ಇನ್ನೊಂದನ್ನು ಮರೆಮಾಡಬಹುದು. ಸತ್ಯ ತಿಳಿದಿದ್ದರೆ, ನಡುಕ ತಡೆಯುವ ಔಷಧಿಯನ್ನು ಸಮಯಕ್ಕೆ ಆರಂಭಿಸುತ್ತಾರೆ. ಗ್ಲೂಕೋಸ್ ಏರಿಸುವ ಮುನ್ನವೇ ಮೆದುಳನ್ನು ಕಾಯುವ ಥಯಮಿನ್ ಜೀವಸತ್ವವನ್ನು ಕೊಡುತ್ತಾರೆ. ಯಕೃತ್ತು ಕೆಟ್ಟಿರಬಹುದೆಂಬ ಸುಳಿವೂ ದೊರೆಯುವುದರಿಂದ, ಉಬ್ಬಿದ ರಕ್ತನಾಳಗಳಿಗೆ ಬೇಕಾದ ಬೇರೆ ಔಷಧಿಯನ್ನು ಎಂಡೋಸ್ಕೋಪಿಗೆ ಮುಂಚೆಯೇ ಕೊಡಲು ಸಾಧ್ಯವಾಗುತ್ತದೆ. ಒಂದು ಪ್ರಾಮಾಣಿಕ ಉತ್ತರದಿಂದ ಇಷ್ಟೆಲ್ಲ ಸಾಧ್ಯ.

ಕುಡಿತ ಮಾತ್ರವಲ್ಲ, ತೂಕ ಇಳಿಸಲೆಂದು ಊಟದ ಬಳಿಕ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡುವ ಹದಿಹರೆಯದ ಮಕ್ಕಳ ವಿಷಯವೂ ಹೀಗೆಯೇ ಮುಚ್ಚಿಹೋಗುತ್ತದೆ. ಮಂಡಿನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತರಿಸಿಕೊಂಡು ವರ್ಷಗಟ್ಟಲೆ ನುಂಗುವ ಅಜ್ಜಿಯಂದಿರೂ ಕೇಳಿದಾಗ ಬಾಯಿಬಿಡುವುದಿಲ್ಲ. ಬಂಧುಗಳ ಮುಂದೆ ಹೇಳಲಾಗದಿದ್ದರೆ, ವೈದ್ಯರನ್ನೋ ನರ್ಸನ್ನೋ ಪಕ್ಕಕ್ಕೆ ಕರೆದು ಹೇಳಿರಿ. ರೋಗಿಯ ಗುಟ್ಟನ್ನು ಕಾಯುವುದು ಅವರ ವೃತ್ತಿಯ ಕರ್ತವ್ಯ.

ಮನೆಗೆ ಮರಳಿದ ಮೇಲೆ

ಸಾಮಾನ್ಯ ಸೀಳಿನ ರೋಗಿ ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾನೆ. ಆಮ್ಲ ತಗ್ಗಿಸುವ ಮಾತ್ರೆಯನ್ನು ಹೇಳಿದಷ್ಟು ದಿನ, ಊಟಕ್ಕೆ ಮುಂಚಿತವಾಗಿ ಸೇವಿಸಬೇಕು. ಮೊದಲು ಗಂಜಿ, ಅನಂತರ ಮೆತ್ತನೆಯ ಅನ್ನ. ಖಾರ ಹುಳಿಗಳ ಮೀನು ಸಾರಿಗೆ ಕೆಲವು ದಿನ ವಿರಾಮ. ಮಂಪರಿನ ಚುಚ್ಚುಮದ್ದು ಪಡೆದವರು 24 ಗಂಟೆ ವಾಹನ ಓಡಿಸಬಾರದು, ಕಾಗದಪತ್ರಗಳಿಗೆ ಸಹಿ ಹಾಕಬಾರದು. ವಾಂತಿ ಮರುಕಳಿಸಿದರೆ ತಡೆಯುವ ಔಷಧಿಯನ್ನು ವೈದ್ಯರಿಂದ ಕೇಳಿ ಪಡೆಯಬೇಕು. ಹೃದಯಕ್ಕಾಗಿ ಕೊಟ್ಟ ಆಸ್ಪಿರಿನ್ ಮುಂತಾದುವನ್ನು ತಾವಾಗಿಯೇ ನಿಲ್ಲಿಸಲೂಬಾರದು, ತಾವಾಗಿಯೇ ಮತ್ತೆ ಆರಂಭಿಸಲೂಬಾರದು. ಮಲ ಮತ್ತೆ ಕಪ್ಪಾದರೆ, ತಲೆ ಸುತ್ತಿದರೆ, ಎದೆ ನೋವು ಅಥವಾ ಜ್ವರ ಬಂದರೆ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಸೀಳು ಕೂಡಿಕೊಂಡಿತೆಂಬ ಮಾತ್ರಕ್ಕೆ ಅದಕ್ಕೆ ಕಾರಣವಾದದ್ದು ಮಾಯವಾಗುವುದಿಲ್ಲ. ಮದುವೆಯ ಮುನ್ನಾದಿನದ ರೋಸ್ ಆಗಲಿ, ಹಬ್ಬದ ಔತಣವಾಗಲಿ, ಬೇಡವೆಂದವನ ಕೈಗೆ ಗ್ಲಾಸು ತುರುಕಿ ಒತ್ತಾಯಿಸುವ ಆತಿಥ್ಯ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಆಸ್ಪತ್ರೆಯಿಂದ ಬಂದವನಿಗೆ ಆ ಒತ್ತಾಯ ಬೇಡ. ಅವನು ಕುಡಿತ ಬಿಡಲು ಒಪ್ಪಿದರೆ, ಅದಕ್ಕೆ ಚಿಕಿತ್ಸೆಯಿದೆ, ಆಪ್ತಸಲಹೆಯಿದೆ, ಬಿಟ್ಟವರ ಕೂಟಗಳಿವೆ. ಹಾಸಿಗೆಯಲ್ಲಿ ಮಲಗಿ ಯೋಚಿಸುವ ಆ ಕೆಲವು ದಿನಗಳೇ ಮಾತು ತೆಗೆಯಲು ಸೂಕ್ತ ಕಾಲ. ಬೈಗುಳದಿಂದ ಅದು ಆಗದು. ವಾರ್ಡಿನ ನರ್ಸಿನ ಸಲಹೆ ಕೇಳಿ, ಬಿಡುಗಡೆಯ ಮುನ್ನವೇ ಮುಂದಿನ ಭೇಟಿಯ ದಿನವನ್ನು ಗೊತ್ತುಪಡಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಒಳಪೊರೆಯ ಸೀಳನ್ನು ಕೂಡಿಸುವ ಕ್ಲಿಪ್ಪು ವೈದ್ಯರ ಬಳಿ ಇದೆ. ಅದನ್ನು ಸಕಾಲದಲ್ಲಿ ಬಳಸಲು ಅವರಿಗೆ ಬೇಕಾದ ಮೊದಲ ಸಾಮಗ್ರಿ ನಮ್ಮ ಬಳಿ ಇದೆ: ನಡೆದುದನ್ನು ನಡೆದಂತೆ ಹೇಳುವ ಧೈರ್ಯ. ಅದನ್ನು ಮನೆಯಲ್ಲಿಟ್ಟು ಆಸ್ಪತ್ರೆಗೆ ಹೋಗದಿರೋಣ.